ಭಾನುವಾರವೂ ಡ್ಯೂಟಿ ಇರುವವರು ನಂಬಿಕೆಯಲ್ಲಿ ನಿಲ್ಲುವುದು ಹೇಗೆ

ಭಾನುವಾರ ಬಸ್ ನಿಲ್ಲುವುದಿಲ್ಲ. ಕ್ರಿಸ್ಮಸ್‌ಗೂ ಇಲ್ಲ, ಗುಡ್ ಫ್ರೈಡೇಗೂ ಇಲ್ಲ. ನಾನು ಗದಗ ಕಡೆಯ ಬಸ್ ಕಂಡಕ್ಟರ್, ಬೆಟಗೇರಿ ಸಭೆಯವನು, ಅಂದರೆ ಅಲ್ಲಿನ ಚರ್ಚಿಗೆ ಸೇರಿದವನು. ನಮ್ಮ ಸಭೆಯ ಹುಡುಗ ಹುಡುಗಿಯರು ಈಗ ಊರೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಒಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಒಬ್ಬಳು ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬ ಬೈಕಿನ ಮೇಲೆ ಮನೆ ಮನೆಗೆ ಊಟ ಮುಟ್ಟಿಸುತ್ತಾನೆ. ರಜೆಗೆ ಬಂದಾಗ ಎಲ್ಲರದೂ ಒಂದೇ ಮಾತು. "ಅಂಕಲ್, ಚರ್ಚಿಗೆ ಹೋಗಾಕ ಆಗವಲ್ದು. ನೀವು ಹೆಂಗ ಮಾಡ್ತೀರಿ?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ದೇವಜ್ಞಾನ ಓದಿದವನಲ್ಲ. ಸಿದ್ಧಾಂತದ ಪ್ರಶ್ನೆ ಇದ್ದರೆ ನಿಮ್ಮ ಸಭೆಯ ಅಯ್ಯನವರನ್ನು, ಅಂದರೆ ಪಾದ್ರಿಗಳನ್ನು ಕೇಳಿ. ಪಾಳಿಯ ಕೆಲಸ ಮಾಡುತ್ತಾ ನಂಬಿಕೆ ಕೈಬಿಡದೆ ಇರಲು ದಿನದಿನ ಏನು ಮಾಡಬಹುದು, ಅಷ್ಟು ಮಾತ್ರ ಹೇಳುತ್ತೇನೆ.

ಮೊದಲೇ ಒಂದು ಮಾತು. ಮನಸ್ಸು ಬಂದಾಗ ಪ್ರಾರ್ಥನೆ ಮಾಡುತ್ತೇನೆ, ಬಿಡುವಾದಾಗ ಬೈಬಲ್ ಓದುತ್ತೇನೆ ಅಂದುಕೊಂಡರೆ ಕೆಲಸ ಕೆಟ್ಟಿತು. ಹನ್ನೆರಡು ತಾಸು ನಿಂತು ಬಂದ ಮನುಷ್ಯನಿಗೆ ಮನಸ್ಸೂ ಬರುವುದಿಲ್ಲ, ಬಿಡುವೂ ಸಿಗುವುದಿಲ್ಲ. ನಂಬಿಕೆಯನ್ನು ಮನಸ್ಸಿಗೆ ಕಟ್ಟಬೇಡಿ. ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿ. ನಿಮ್ಮನ್ನು ಬಿಡದೆ ಕೇಳುವ ಜನರಿಗೆ ಕಟ್ಟಿ.

ಪ್ರಾರ್ಥನೆ: ಗಡಿಯಾರ ಬೇಡ, ಕೆಲಸ ನೋಡಿ

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸಿ ಅಂತ ಹೇಳುವವರು ಬಹಳ. ತಪ್ಪಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದ ಅಂತ ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲೇ ಇದೆ. ಆದರೆ ನನ್ನ ಪಾಳಿ ವಾರ ವಾರ ಬದಲಾಗುತ್ತದೆ. ಒಂದು ವಾರ ನಾಲ್ಕಕ್ಕೆ ಡಿಪೋದಲ್ಲೇ ಇರಬೇಕು. ಇನ್ನೊಂದು ವಾರ ನಾಲ್ಕಕ್ಕೆ ಯಾವುದೋ ಹಳ್ಳಿಯಲ್ಲಿ ರಾತ್ರಿ ಉಳಿಯುವ ವಸ್ತಿ ಗಾಡಿಯಲ್ಲಿ ಹೊದ್ದು ಮಲಗಿರುತ್ತೇನೆ. ನಮ್ಮಂಥವರ ಹತ್ತಿರ ಗಡಿಯಾರದ ಲೆಕ್ಕ ನಡೆಯುವುದಿಲ್ಲ.

ಅದಕ್ಕೇ ಹೊತ್ತಿನ ಬದಲು ಕೆಲಸ ಹಿಡಿಯಿರಿ. ಯಾವ ಪಾಳಿ ಇದ್ದರೂ ನಾನು ಟಿಕೆಟ್ ಮಷಿನ್ ತೆಗೆದುಕೊಳ್ಳಲೇಬೇಕು, ಟಿಕೆಟ್ ಲೆಕ್ಕದ ಹಾಳೆಯಾದ ವೇಬಿಲ್ ಬರೆಸಲೇಬೇಕು, ಖಾಲಿ ಬಸ್ ಒಮ್ಮೆ ಹತ್ತಿ ನೋಡಲೇಬೇಕು. ಡ್ರೈವರ್ ಆಗ ಟೈರ್ ಒದ್ದು ನೋಡುತ್ತಾರೆ, ನೀರು ನೋಡುತ್ತಾರೆ, ಸಿದ್ಧಾರೂಢರ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಾರೆ. ನಾನು ಹಿಂದಿನ ಸೀಟಿನ ಹತ್ತಿರ ನಿಂತು 121ನೇ ಕೀರ್ತನೆ ಹೇಳಿಕೊಳ್ಳುತ್ತೇನೆ. ಬೆಟ್ಟಗಳ ಕಡೆ ಕಣ್ಣೆತ್ತಿ ನೋಡುವ ಕೀರ್ತನೆ ಅದು. ಎಂಟೇ ವಚನ. ಬಾಯಿಪಾಠ ಮಾಡಲು ಒಂದು ವಾರ ಸಾಕು. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ ಅಂತ ಅದರಲ್ಲಿ ಬರುತ್ತದೆ. ರಾತ್ರಿ ಗಾಡಿಯವರಿಗೆ ಇದಕ್ಕಿಂತ ಬೇರೆ ಮಾತು ಬೇಕಾ? ಹೋಗುವಾಗಲೂ ಬರುವಾಗಲೂ ಕಾಪಾಡುವನು ಅಂತ ಮುಗಿಯುತ್ತದೆ. ಅಪ್-ಡೌನ್ ಎರಡೂ ಬಂತು.

ಎರಡನೆಯದು ಕೊನೆಯ ಸ್ಟಾಪಿನಲ್ಲಿ. ಜನ ಇಳಿದ ಮೇಲೆ ಸೀಟಿನ ಕೆಳಗೆ ಯಾರಾದರೂ ಚೀಲ, ಕೊಡೆ ಬಿಟ್ಟಿದ್ದಾರಾ ಅಂತ ನೋಡುವುದು ಅಭ್ಯಾಸ. ಆಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಮೂರನೆಯದು ಲೆಕ್ಕ ಒಪ್ಪಿಸಿದ ಮೇಲೆ. ದಾನಿಯೇಲ ದಿನಕ್ಕೆ ಮೂರು ಸಲ ಕಿಟಕಿ ತೆರೆದು ಪ್ರಾರ್ಥಿಸುತ್ತಿದ್ದ. ಅವನೂ ಸರ್ಕಾರಿ ಕೆಲಸದವನೇ, ಬಿಡುವಿದ್ದವನೇನಲ್ಲ.

ನೀವು ನರ್ಸ್ ಆಗಿದ್ದರೆ ಪಾಳಿ ವಹಿಸಿಕೊಳ್ಳುವ ಮೊದಲು ಕೈ ತೊಳೆಯುತ್ತೀರಿ, ಆಗ. ಆಫೀಸಿನವರು ಕಂಪ್ಯೂಟರ್ ಶುರು ಆಗುವಷ್ಟರಲ್ಲಿ. ಬೈಕಿನವರು ಹೆಲ್ಮೆಟ್ ಹಾಕುವಾಗ. ಮೊದಮೊದಲು ಎರಡು ನಿಮಿಷಕ್ಕಿಂತ ಜಾಸ್ತಿ ಮಾಡಬೇಡಿ. ಉದ್ದ ಮಾಡಿದರೆ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ತುಟಿ ಆಡಿಸುವುದೂ ಬೇಡ. ಹನ್ನಳು ದೇವಾಲಯದಲ್ಲಿ ತುಟಿ ಮಾತ್ರ ಆಡಿಸಿ ಪ್ರಾರ್ಥಿಸಿದ್ದಕ್ಕೆ ಯಾಜಕನಾದ ಏಲಿಯೇ ಕುಡಿದಿದ್ದಾಳೆ ಅಂದುಕೊಂಡ. ಯೂನಿಫಾರ್ಮ್ ಹಾಕಿಕೊಂಡು ಬಸ್‌ನಲ್ಲಿ ಗುಣುಗಿದರೆ ಪ್ರಯಾಣಿಕರೂ ಹಾಗೇ ಅಂದುಕೊಳ್ಳುತ್ತಾರೆ.

ಓದು: ಬಾಕಿ ಇಟ್ಟುಕೊಳ್ಳಬೇಡಿ

ಜನವರಿ ಒಂದಕ್ಕೆ ಆದಿಕಾಂಡದಿಂದ ಶುರು ಮಾಡಿ ಫೆಬ್ರವರಿಯಲ್ಲಿ ಯಾಜಕಕಾಂಡದ ಬಲಿಗಳ ನಡುವೆ ನಿಂತುಹೋಗುವವರು ಪ್ರತಿ ಸಭೆಯಲ್ಲೂ ಇದ್ದಾರೆ. ಹೊಸಬರಾದರೆ ಮಾರ್ಕನಿಂದ ಶುರು ಮಾಡಿ. 16 ಅಧ್ಯಾಯ, ಎಲ್ಲಕ್ಕಿಂತ ಚಿಕ್ಕ ಸುವಾರ್ತೆ. ಜೊತೆಗೆ ಜ್ಞಾನೋಕ್ತಿಗಳು. ಅದರಲ್ಲಿ 31 ಅಧ್ಯಾಯ. ಇವತ್ತು ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ. ಗುರುತಿನ ಚೀಟಿ ಇಡುವ ಕೆಲಸವೇ ಇಲ್ಲ.

ಇಡೀ ಬೈಬಲ್ ಓದುವ ಆಸೆ ಇದ್ದರೆ ಲೆಕ್ಕ ಹೀಗಿದೆ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ ಅಂತ ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದರು. ಭಾನುವಾರ ಬಿಡುವಿರುವವರಿಗೆ ಅದು ಸರಿ. ನಮಗೆ ದಿನಕ್ಕೆ ಎರಡು ಸಾಕು. ಎರಡು ವರ್ಷದೊಳಗೆ ಮುಗಿಯುತ್ತದೆ. ಅವಸರ ಯಾರಿಗಿದೆ?

ಓದು ತಪ್ಪಿದ ದಿನಗಳನ್ನು ಬಾಕಿ ಅಂತ ಬರೆದಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಆರು ದಿನದ ಬಾಕಿ ಹನ್ನೆರಡು ಅಧ್ಯಾಯ ಆದಾಗ ಮನುಷ್ಯ ಪುಸ್ತಕವನ್ನೇ ಮುಚ್ಚಿಡುತ್ತಾನೆ. ಇವತ್ತಿನದನ್ನು ಓದಿ, ಹೋದದ್ದು ಹೋಯಿತು.

ಪುಸ್ತಕ ಕಿಸೆಯಲ್ಲಿ ಹಿಡಿಯುವಂಥದ್ದಿರಲಿ. ಗಿಡಿಯನ್ ಸಂಸ್ಥೆಯವರು ಹಂಚುವ ಪುಟ್ಟ ಹೊಸ ಒಡಂಬಡಿಕೆ ನನ್ನ ಕಿಸೆಯಲ್ಲಿದೆ. ಬೆವರು ಕುಡಿದು ಅಂಚು ಕಪ್ಪಾಗಿದೆ. ಹಳೆಯ ಅನುವಾದದ ಕನ್ನಡ ಕಷ್ಟ ಅನ್ನುವ ಹುಡುಗರು ಬೈಬಲ್ ಸೊಸೈಟಿ ಅಂಗಡಿಯಲ್ಲಿ ಸರಳ ಕನ್ನಡದ ಬೈಬಲ್ ಕೇಳಿ ತೆಗೆದುಕೊಳ್ಳಿ, ನಾಚಿಕೆ ಏನೂ ಇಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದಿಳಿದು, ಮೊದಲು ತಾನು ಕನ್ನಡ ಕಲಿತು, ಆಮೇಲೆ ಬೈಬಲ್ ಕನ್ನಡಕ್ಕೆ ತರಲು ವರ್ಷಗಟ್ಟಲೆ ಕೂತ. ಆಗಿನ ಜನ ಓದಲಿ ಅಂತ ಆಗಿನ ಕನ್ನಡದಲ್ಲಿ ಮಾಡಿದ. ಈಗಿನವರು ಈಗಿನ ಕನ್ನಡದಲ್ಲಿ ಓದಿದರೆ ಅವನಿಗೇನೂ ಬೇಸರ ಆಗಲಿಕ್ಕಿಲ್ಲ.

ಮೊಬೈಲ್‌ನಲ್ಲಿ ಕನ್ನಡ ಬೈಬಲ್ ಓದಿ ಹೇಳುವ ಆಪ್‌ಗಳಿವೆ. ಕಣ್ಣು ಸೋತವರಿಗೆ ಬಹಳ ಒಳ್ಳೆಯದು. ಆದರೆ ಮೊಬೈಲ್ ತೆರೆದ ಮೇಲೆ ವಾಟ್ಸಾಪ್ ನೋಡದೆ ಮುಚ್ಚುವವರು ಎಷ್ಟು ಜನ? "ಈ ವಚನವನ್ನು ಹತ್ತು ಜನಕ್ಕೆ ಕಳಿಸಿ, ಸಂಜೆಯೊಳಗೆ ಆಶೀರ್ವಾದ" ಅಂತ ಬಂದರೆ ಅಲ್ಲೇ ಅಳಿಸಿ. ಅದು ನಂಬಿಕೆಯಲ್ಲ, ಹೆದರಿಕೆ.

ಚಿಲ್ಲರೆ

ಚರ್ಚಿನ ಹೊರಗೆ ನಂಬಿಕೆ ಎಲ್ಲಿ ಇರುತ್ತದೆ ಅಂತ ನನ್ನನ್ನು ಕೇಳಿದರೆ ಚರ್ಮದ ಚೀಲದಲ್ಲಿ ಅಂತೀನಿ.

ನಮ್ಮ ಕೆಲಸದ ಕ್ರಮ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಡ್ಯೂಟಿ ಹತ್ತುವಾಗಲೇ ಕೈಯಲ್ಲಿರುವ ಸ್ವಂತ ದುಡ್ಡು ಎಷ್ಟು ಅಂತ ಬರೆಸಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಚೀಲದ ದುಡ್ಡನ್ನೂ ಮಷಿನ್‌ನ ಲೆಕ್ಕವನ್ನೂ ತಾಳೆ ನೋಡುತ್ತಾರೆ. ಕಡಿಮೆ ಬಂದರೆ ನಮ್ಮ ಕೈಯಿಂದ ಹೋಗುತ್ತದೆ. ಜಾಸ್ತಿ ಬಂದರೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಹಾಗಾಗಿ ದೊಡ್ಡ ಮೋಸಕ್ಕೆ ಹೆದರಿಕೆಯೇ ಬೇಲಿ. ಅದಕ್ಕೆ ನಂಬಿಕೆ ಬೇಕಿಲ್ಲ. ಬೇಲಿ ಇಲ್ಲದ ಜಾಗ ಚಿಲ್ಲರೆ. ಅಣ್ಣಿಗೇರಿಯಲ್ಲಿ ಇಳಿಯುವ ಅಜ್ಜನಿಗೆ ಮೂರು ರೂಪಾಯಿ ಕೊಡಬೇಕು. ಟಿಕೆಟ್ ಹಿಂದೆ ಬರೆದು ಕೊಟ್ಟಿರುತ್ತೇವೆ. ಅವನಿಗೆ ಓದಲು ಬರುವುದಿಲ್ಲ, ಮರೆತು ಇಳಿಯುತ್ತಾನೆ. ಯಾರೂ ನೋಡುವುದಿಲ್ಲ. ಅಂಥ ಮೂರು, ಐದು, ಎರಡು ಸೇರಿದರೆ ಸಂಜೆಯ ಚಹಾ, ಮಿರ್ಚಿ ಆಯಿತು.

ಇಂಥ ಜಾಗ ನಿಮ್ಮ ಕೆಲಸದಲ್ಲೂ ಇರುತ್ತದೆ. ಹುಡುಕಿ ನೋಡಿ. ಯಾರೂ ಲೆಕ್ಕ ಕೇಳದ, ಎಲ್ಲರೂ ಮಾಡುವ, ಕಳ್ಳತನ ಅಂತ ಯಾರೂ ಕರೆಯದ ಒಂದು ಸಣ್ಣ ವಿಷಯ. ಹಾಜರಿ ಪುಸ್ತಕದಲ್ಲಿ ಹತ್ತು ನಿಮಿಷ ಹಿಂದೆ ಬರೆಯುವುದು, ಪೆಟ್ರೋಲ್ ಬಿಲ್ಲಿನಲ್ಲಿ ಸ್ವಲ್ಪ ಏರಿಸುವುದು, ಮಾಡದ ಮನೆಭೇಟಿ ಮಾಡಿದೆ ಅಂತ ತುಂಬುವುದು. ಮೊದಲು ಅದನ್ನು ಹಿಡಿಯಿರಿ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲನೇ ವಚನ. ತಿಂಗಳ ಹನ್ನೊಂದಕ್ಕೆ ತಪ್ಪದೆ ಎದುರಾಗುತ್ತದೆ, ನೋಡಿ.

ನಾನು ಮಾಡುವ ಕ್ರಮ ಇಷ್ಟು. ಸ್ಟಾಪು ಬರುವ ಮೊದಲೇ ಚಿಲ್ಲರೆ ಕೊಡಬೇಕಾದವರನ್ನು ನಾನೇ ಕೂಗಿ ಕರೆಯುತ್ತೇನೆ. "ನಾಲ್ಕು ರೂಪಾಯಿ ಯಾರದ್ರಿ?" ಅಂದರೆ ಒಮ್ಮೊಮ್ಮೆ ಮೂವರು ಕೈ ಎತ್ತುತ್ತಾರೆ, ಅದು ಬೇರೆ ಮಾತು. ಯಾರೂ ಕೇಳದೆ ಉಳಿದದ್ದನ್ನು ಡಿಪೋದಲ್ಲಿ ಹೆಚ್ಚುವರಿ ಅಂತಲೇ ಕಟ್ಟುತ್ತೇನೆ. ಕಾಣಿಕೆ ಡಬ್ಬಿಗೆ ಹಾಕುವುದಿಲ್ಲ. ಕೆಲವರು ಹಾಗೆ ಮಾಡುತ್ತಾರೆ. ಅಜ್ಜನ ದುಡ್ಡನ್ನು ನನ್ನ ಹೆಸರಿನಲ್ಲಿ ದೇವರಿಗೆ ಕೊಟ್ಟರೆ ಅದು ಯಾರ ಕಾಣಿಕೆ?

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಬಂತು, ಆಮೇಲೆ ಕ್ಯೂಆರ್ ಕೋಡ್ ಬಂತು. ಚಿಲ್ಲರೆ ಜಗಳ ಕಡಿಮೆ ಆಗಿದೆ. ಆದರೆ ಪರೀಕ್ಷೆ ಕಡಿಮೆ ಆಗಲಿಲ್ಲ, ಜಾಗ ಬದಲಾಯಿಸಿತು. ಈಗ ನನ್ನ ಪರೀಕ್ಷೆ ನಾಲಿಗೆ. ತುಂಬಿದ ಗಾಡಿಯಲ್ಲಿ ಆಧಾರ್ ಕಾರ್ಡಿಗೆ ಚೀಲವೆಲ್ಲ ತಡಕಾಡುವ ಅಮ್ಮನಿಗೆ "ಲಗೂ ತಗೀಬೇ" ಅಂತ ಗದರುವುದು ಸುಲಭ. ಟಿಕೆಟಿಗೆ ರೊಕ್ಕ ಕೊಡದವರು ಅಂತ ಕೆಲವರು ಆ ಅಮ್ಮಂದಿರನ್ನು ಹಗುರವಾಗಿ ಕಾಣುತ್ತಾರೆ. ಸವದತ್ತಿ ಯಲ್ಲಮ್ಮನ ಹುಣ್ಣಿಮೆಗೆ ಸ್ಪೆಷಲ್ ಗಾಡಿ ಡ್ಯೂಟಿ ಹಾಕುತ್ತಾರೆ. ಉಸಿರಾಡಲು ಜಾಗ ಇರುವುದಿಲ್ಲ. "ಉಧೋ ಉಧೋ" ಅಂತ ಕೂಗು. ಆ ಗಾಡಿಯಲ್ಲಿ ನನ್ನ ನಂಬಿಕೆಯ ಕೆಲಸ ಯಾರಿಗೂ ಬೋಧನೆ ಮಾಡುವುದಲ್ಲ. ಕೈಮಗು ಎತ್ತಿಕೊಂಡವಳಿಗೆ ಸೀಟು ಬಿಡಿಸುವುದು, ಹಿಂದೆ ಸಿಕ್ಕಿಕೊಂಡ ಮುದುಕಿಯನ್ನು ಬಿಟ್ಟು ಗಾಡಿ ಹೊರಡದ ಹಾಗೆ ನೋಡಿಕೊಳ್ಳುವುದು. ಯೇಸು ಮತ್ತಾಯನನ್ನು ಕರೆದದ್ದೂ ಸುಂಕದ ಕಟ್ಟೆಯ ಮೇಲೆ ಕೂತಿದ್ದಾಗ. ದುಡ್ಡು ವಸೂಲಿ ಮಾಡುವವರ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು.

ಆಯುಧಪೂಜೆ ದಿನ ಏನು ಮಾಡಬೇಕು

ಹುಡುಗರು ಜಾಸ್ತಿ ಕೇಳುವುದು ಇದನ್ನೇ. ನಮ್ಮ ಡಿಪೋದಲ್ಲಿ ಹಿಂದಿನ ದಿನವೇ ಗಾಡಿ ತೊಳೆಯುತ್ತಾರೆ. ಬಾಳೆಗಿಡ, ಚೆಂಡುಹೂ, ಕುಂಬಳಕಾಯಿ, ಗಾಲಿ ಕೆಳಗೆ ನಿಂಬೆಹಣ್ಣು. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಆ ದಿನ ರಜೆ ಹಾಕಿಬಿಡಿ ಅನ್ನುತ್ತಾರೆ. ಇನ್ನೊಬ್ಬರು ಎಲ್ಲದರಲ್ಲೂ ಸೇರಿ, ದೇವರು ಮನಸ್ಸು ನೋಡುತ್ತಾನೆ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ರಜೆ ಹಾಕಿದರೆ ಜೊತೆಗಾರರಿಗೆ ಅವಮಾನ. ಎಲ್ಲದಕ್ಕೂ ಸೇರಿದರೆ ನನ್ನ ಪ್ರಾರ್ಥನೆಗೆ ಅರ್ಥ ಉಳಿಯುವುದಿಲ್ಲ.

ಹಬ್ಬದ ದಿನ ಎಲ್ಲರ ಮುಂದೆ ನಿಂತು ತೀರ್ಮಾನ ಮಾಡಬೇಡಿ. ಎಲ್ಲಿಯವರೆಗೆ ಬರುತ್ತೇನೆ, ಎಲ್ಲಿ ನಿಲ್ಲುತ್ತೇನೆ ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ನನ್ನ ಗೆರೆ ಹೀಗಿದೆ. ಗಾಡಿ ತೊಳೆಯುತ್ತೇನೆ, ಎಲ್ಲರಿಗಿಂತ ಮೊದಲು ಬಕೆಟ್ ಹಿಡಿಯುತ್ತೇನೆ. ಬಾಳೆಗಿಡ ಕಟ್ಟುತ್ತೇನೆ. ಊಟಕ್ಕೆ ನನ್ನ ಪಾಲಿನ ಪಟ್ಟಿ ದುಡ್ಡು ಕೊಡುತ್ತೇನೆ. ಪೂಜೆ ಶುರುವಾದಾಗ ಸ್ವಲ್ಪ ಹಿಂದೆ ಸರಿದು ಸುಮ್ಮನೆ ನಿಲ್ಲುತ್ತೇನೆ. ಮೊಬೈಲ್ ನೋಡುವುದಿಲ್ಲ, ನಗುವುದಿಲ್ಲ. ಕಾಯಿ ಒಡೆಯುವುದು, ಆರತಿ ತೆಗೆದುಕೊಳ್ಳುವುದು ಮಾಡುವುದಿಲ್ಲ. ನನ್ನ ಗಾಡಿಯ ಕಾಯಿ ಡ್ರೈವರ್ ಒಡೆಯುತ್ತಾರೆ.

ತಿನ್ನುವ ವಿಷಯಕ್ಕೆ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ. ನಮ್ಮ ಡಿಪೋ ನೋಡಿಯೇ ಬರೆದ ಹಾಗಿದೆ. ಊಟಕ್ಕೆ ಕರೆದರೆ ಏನೂ ವಿಚಾರಿಸದೆ ಬಡಿಸಿದ್ದನ್ನು ತಿನ್ನಿ. ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಒಬ್ಬ ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡಿ. ನಾನು ಅದನ್ನೇ ಹಿಡಿದಿದ್ದೇನೆ. ಪ್ರಸಾದ ಅಂತ ಹೇಳಿ ಕೊಟ್ಟರೆ ಕೈಮುಗಿದು, "ನಮ್ಮಲ್ಲಿ ತಗೊಳ್ಳಂಗಿಲ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಅಂತೀನಿ. ಒಂದು ಸಲ ಹೇಳಿದರೆ ಸಾಕು, ಪ್ರತಿ ವರ್ಷ ವ್ಯಾಖ್ಯಾನ ಕೊಡಬೇಕಿಲ್ಲ. ಈಗ ಅವರೇ ಗಿರ್ಮಿಟ್ ಮತ್ತು ಮಿರ್ಚಿ ನನಗೆ ಬೇರೆ ಎತ್ತಿಡುತ್ತಾರೆ. ಕ್ರಿಸ್ಮಸ್‌ಗೆ ನಮ್ಮ ಮನೆಯ ಕರ್ಚಿಕಾಯಿ, ಚಕ್ಕುಲಿ ಡಬ್ಬಿ ಡಿಪೋಕ್ಕೆ ಹೋಗುತ್ತದೆ. ಒಯ್ಯಲು ತಡವಾದರೆ ಫೋನ್ ಬರುತ್ತದೆ.

ನನ್ನ ಗೆರೆಯೇ ನಿಮ್ಮ ಗೆರೆ ಆಗಬೇಕಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ತಿನ್ನುವವನು ತಿನ್ನದವನನ್ನು ಹೀನವಾಗಿ ನೋಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಅಂತ ಇದೆ. ಕೆಲಸವೇ ನಿಮ್ಮನ್ನು ಗೆರೆಯ ಆಚೆ ಎಳೆದು ನಿಲ್ಲಿಸಿದರೆ? ಸಾಹೇಬರ ಜೊತೆ ಗುಡಿಯೊಳಗೆ ಹೋಗಲೇಬೇಕಾಗಿ ಬಂದರೆ? ಆಗ ಎರಡನೆಯ ಅರಸುಗಳು 5ನೇ ಅಧ್ಯಾಯ ತೆಗೆಯಿರಿ. ಕುಷ್ಠ ವಾಸಿಯಾದ ಸೇನಾಪತಿ ನಾಮಾನ ಪ್ರವಾದಿ ಎಲೀಷನ ಮುಂದೆ ನಿಂತು, ಇನ್ನು ಮೇಲೆ ಯೆಹೋವನನ್ನು ಬಿಟ್ಟು ಬೇರೆ ದೇವರಿಗೆ ಬಲಿ ಕೊಡುವುದಿಲ್ಲ ಅಂತ ಹೇಳಿ, ಒಂದು ವಿನಂತಿ ಮಾಡುತ್ತಾನೆ. ಅರಸ ನನ್ನ ಕೈ ಹಿಡಿದು ರಿಮ್ಮೋನನ ಗುಡಿಗೆ ಹೋದಾಗ ನಾನೂ ಬಾಗಬೇಕಾಗುತ್ತದೆ, ಅದೊಂದನ್ನು ಕ್ಷಮಿಸಬೇಕು ಅಂತಾನೆ. ಎಲೀಷ ಬೈಯಲಿಲ್ಲ, ಆಗಲಿ ಮಾಡು ಅಂತಲೂ ಅನ್ನಲಿಲ್ಲ. ಸಮಾಧಾನದಿಂದ ಹೋಗು ಅಂದ. ಅಷ್ಟೇ. ಈ ಅಧ್ಯಾಯದ ಮೇಲೆ ಪ್ರಸಂಗ ಮಾಡುವವರು ನಾಮಾನ ವಾಸಿಯಾಗಲು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ್ದನ್ನು ಹೇಳಿ ನಿಲ್ಲಿಸುತ್ತಾರೆ. ಸರ್ಕಾರಿ ನೌಕರಿ ಮಾಡುವವರಿಗೆ ಬೇಕಾದದ್ದು ಅದರ ಮುಂದಿನ ಭಾಗ.

ಮನೆ, ದುಡ್ಡು

ಕುಟುಂಬ ಪ್ರಾರ್ಥನೆ ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಷನ್ ಕಾಲದ ರೂಢಿ. ಬೆಟಗೇರಿಗೆ ಮಿಷನ್ ಬಂದದ್ದು 1841ರಲ್ಲಿ. ನಮ್ಮ ಅಜ್ಜ ನೇಕಾರ. ಮಗ್ಗ ನಿಲ್ಲಿಸಿ, ದೀಪ ಹಚ್ಚಿ, ಎಲ್ಲರನ್ನೂ ಕೂರಿಸಿ, ಒಂದು ಗೀತೆ, ಒಂದು ಪಾಠ, ಒಂದು ಪ್ರಾರ್ಥನೆ. ರಾಗ ಜರ್ಮನ್, ಮಾತು ಕನ್ನಡ. ಮಕ್ಕಳಿಗೆ ನಿದ್ದೆ. ನಮ್ಮ ಮನೆಯಲ್ಲಿ ಈಗ ಅದು ಹತ್ತು ನಿಮಿಷ ದಾಟುವುದಿಲ್ಲ. ನಾನು ವಸ್ತಿ ಇದ್ದ ದಿನ ನಮ್ಮ ಮನೆಯವರು ಫೋನ್ ಹಚ್ಚಿ ಪಕ್ಕಕ್ಕೆ ಇಡುತ್ತಾರೆ. ನಾನು ಹಳ್ಳಿಯ ಕಟ್ಟೆ ಮೇಲೆ ಕೂತು ಆಮೆನ್ ಅಂತೀನಿ. ಮಕ್ಕಳಿಗೆ ಸರದಿ ಕೊಡಿ. ಮಗಳು ಓದಲಿ, ಮಗ ಹಾಡು ಆರಿಸಲಿ. ಅಪ್ಪನೇ ಎಲ್ಲ ಮಾಡಿದರೆ ಅಪ್ಪ ಇಲ್ಲದ ದಿನ ಪ್ರಾರ್ಥನೆಯೂ ಇರುವುದಿಲ್ಲ.

ದಶಮಾಂಶದ, ಅಂದರೆ ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಕೊಡುವುದರ ಬಗ್ಗೆ ಉದ್ದ ಹೇಳುವುದಿಲ್ಲ. ಎಷ್ಟು ಕೊಡುತ್ತೀರೋ ಅದನ್ನು ಸಂಬಳ ಆದ ದಿನವೇ ಕವರಿನಲ್ಲಿ ಹಾಕಿ ಬೇರೆ ಇಡಿ. ತಿಂಗಳ ಕೊನೆಗೆ ನೋಡೋಣ ಅಂದರೆ ಉಳಿಯುವುದು ಕವರ್ ಮಾತ್ರ. ಡ್ಯೂಟಿಯ ಸಲುವಾಗಿ ಚರ್ಚಿಗೆ ಹೋಗಲಾಗದ ವಾರ ಯಾರ ಕೈಯಲ್ಲಾದರೂ ಕಳಿಸಿ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ನೀವೇ ಕಾಣಿಕೆ ಕೊಟ್ಟ ಕುಂಬಳಕಾಯಿಯನ್ನು ನೀವೇ ನಾಲ್ಕು ಪಟ್ಟು ಕೊಟ್ಟು ಕೊಳ್ಳುವುದು ಇದಕ್ಕೆ ಲೆಕ್ಕವಲ್ಲ, ಅದು ಮೋಜು.

ಕುಡಿತದ ಬಗ್ಗೆ ಒಂದೇ ಮಾತು. ವಸ್ತಿ ಗಾಡಿಯಲ್ಲಿ ರಾತ್ರಿ ಉದ್ದ. ಬೇಡ ಅನ್ನುವುದನ್ನು ಮೊದಲನೇ ವಾರವೇ ಅಂದುಬಿಡಿ. ಆರನೇ ತಿಂಗಳಿಗೆ ಅನ್ನಲು ಆಗುವುದಿಲ್ಲ.

ಪ್ರಾರ್ಥನೆ ಬಾರದ ದಿನಗಳು

ನನ್ನ ತಮ್ಮ ತೀರಿಕೊಂಡ ಮೇಲೆ ಬಹಳ ದಿನ ನನಗೆ ಪ್ರಾರ್ಥನೆ ಬರಲಿಲ್ಲ. ಬಾಯಿ ಒಣಗಿದ ಹಾಗೆ. ಸಾಂತ್ವನಕ್ಕೆ ಬಂದವರು ದೇವರ ಚಿತ್ತ, ಒಳ್ಳೆಯದಕ್ಕೇ ಆಗುತ್ತದೆ ಅಂತ ಹೇಳಿ ಚಹಾ ಕುಡಿದು ಹೋದರು. ಅಂಥ ಹೊತ್ತಿನಲ್ಲಿ ನಿಮ್ಮದೇ ಮಾತು ಹುಡುಕಬೇಡಿ. ಬರೆದದ್ದನ್ನು ಓದಿ. ಕೀರ್ತನೆ 13 ಎಷ್ಟರ ತನಕ ಮರೆತಿರುತ್ತೀ ಅಂತ ನೇರವಾಗಿ ದೇವರನ್ನೇ ಕೇಳುತ್ತದೆ. ಕೀರ್ತನೆ 88 ಇನ್ನೂ ಮುಂದೆ ಹೋಗುತ್ತದೆ. ಬೇರೆ ಅಳುವ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಬೈಬಲ್‌ನಲ್ಲಿ ಇಟ್ಟಿದ್ದಾರೆ ಅನ್ನುವುದೇ ನನ್ನನ್ನು ಹಿಡಿದು ನಿಲ್ಲಿಸಿತು.

ಅದೂ ಆಗದಿದ್ದರೆ ಬೇರೆಯವರು ನಿಮ್ಮ ಸಲುವಾಗಿ ಪ್ರಾರ್ಥಿಸಲಿ. ಚರ್ಚಿನ ಸ್ತ್ರೀ ಸಮಾಜದ ಅಮ್ಮಂದಿರಿಗೆ ಒಂದು ಮಾತು ಹೇಳಿದರೆ ಸಾಕು. ಅವರು ಮರೆಯುವುದಿಲ್ಲ. ಹಾದಿಯಲ್ಲಿ ಸಿಕ್ಕಾಗ ಏನಾಯಿತು ಅಂತ ಕೇಳಿಯೇ ಕೇಳುತ್ತಾರೆ. ಮೊದಲು ಕಿರಿಕಿರಿ ಅನ್ನಿಸುತ್ತದೆ. ಇರಲಿ, ಅನ್ನಿಸಲಿ. ಇದರ ಜೊತೆಗೆ ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ ಡಾಕ್ಟರ ಹತ್ತಿರ ಹೋಗಿ. ನಮ್ಮ ಬೆಟಗೇರಿಯಲ್ಲಿ ಮಿಷನ್‌ನವರು ಚರ್ಚಿನ ಜೊತೆ ಆಸ್ಪತ್ರೆಯನ್ನೂ ಕಟ್ಟಿದ್ದರು, ಜನ ಅದನ್ನು ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಪ್ರಾರ್ಥನೆ ಮಾಡಿದವರು ಔಷಧಿ ತೆಗೆದುಕೊಳ್ಳಬಾರದು ಅಂತ ಅವರು ಯಾರಿಗೂ ಕಲಿಸಲಿಲ್ಲ.

ಭಾನುವಾರ

ಕೊನೆಗೆ ಭಾನುವಾರಕ್ಕೆ ಬರೋಣ. ತಿಂಗಳಿಗೆ ಒಂದೇ ಭಾನುವಾರ ಸಿಗುವ ಹಾಗಿದ್ದರೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಇರುವ ಭಾನುವಾರವನ್ನೇ ಕೇಳಿ. ನಮ್ಮಲ್ಲಿ ಅದು ಮೊದಲನೇ ಭಾನುವಾರ. ನಿಮ್ಮ ಸಭೆಯಲ್ಲಿ ಯಾವಾಗ ಅಂತ ವಿಚಾರಿಸಿಕೊಳ್ಳಿ. ರಜೆ ಅದಲುಬದಲು ಮಾಡಿಕೊಳ್ಳಲು ಮುಸ್ಲಿಂ ಜೊತೆಗಾರರು ಒಳ್ಳೆಯ ಜೋಡಿ. ಅವರಿಗೆ ಶುಕ್ರವಾರ ಬೇಕು, ನಮಗೆ ಭಾನುವಾರ. ರಂಜಾನಿಗೆ ನಾನು ಅವರ ಪಾಳಿ ಮಾಡುತ್ತೇನೆ, ಈಸ್ಟರ್‌ಗೆ ಅವರು ನನ್ನ ಪಾಳಿ ಮಾಡುತ್ತಾರೆ. ಡ್ಯೂಟಿ ಹಾಕುವವರ ಹತ್ತಿರ ಹದಿನೈದು ದಿನ ಮೊದಲೇ ಹೋಗಿ. ಹಿಂದಿನ ದಿನ ಸಂಜೆ ಹೋಗಿ ಧರ್ಮದ ಮಾತಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಉಳಿದ ವಾರಗಳಿಗೆ ಮನೆ ಕೂಟ ಇದೆ, ಉಪವಾಸ ಪ್ರಾರ್ಥನೆ ಇದೆ. ಬುಧವಾರದ್ದೋ ಶುಕ್ರವಾರದ್ದೋ ಯಾವುದಾದರೂ ಒಂದು. ಒಂದಕ್ಕಾದರೂ ನಿಮ್ಮ ಹೆಸರು ಕಾಯಂ ಆಗಿರಲಿ. ಯೂಟ್ಯೂಬ್ ಆರಾಧನೆ ಹಾಸಿಗೆ ಹಿಡಿದವರಿಗೆ ದೊಡ್ಡ ಉಪಕಾರ. ಕಾಲು ಗಟ್ಟಿ ಇದ್ದವರಿಗೆ ಅದು ಸಾಲದು. ಯೂಟ್ಯೂಬಿಗೆ ನೀವು ಬಂದಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಸಭೆಯಾಗಿ ಕೂಡಿಬರುವುದನ್ನು ಬಿಡಬೇಡಿ ಅಂತ ಇಬ್ರಿಯರ ಪತ್ರದಲ್ಲಿ ಹೇಳಿದ್ದು ಒಬ್ಬರನ್ನೊಬ್ಬರು ಎಚ್ಚರಿಸಲಿ ಅಂತ. ಎಚ್ಚರಿಸಲು ಪಕ್ಕದಲ್ಲಿ ಒಬ್ಬರು ಬೇಕಲ್ವಾ?

ಅಯ್ಯನವರಿಗೆ ನಿಮ್ಮ ಪಾಳಿಯ ವಿಷಯ ಹೇಳಿಡಿ. ಹೇಳದಿದ್ದರೆ ಎರಡು ತಿಂಗಳಲ್ಲಿ ನೀವು ಬೇರೆ ಗುಂಪಿಗೆ ಸೇರಿದಿರಿ ಅಂತ ಸುದ್ದಿ ಹಬ್ಬುತ್ತದೆ. ಹೇಳಿದರೆ ಅವರೇ ನಿಮಗೆ ಬಿಡುವಿರುವ ಹೊತ್ತಿಗೆ ಮನೆಗೆ ಬಂದು ಪ್ರಾರ್ಥಿಸಿ ಹೋಗುತ್ತಾರೆ.

ಬೆಂಗಳೂರಿಗೆ ಹೋಗುವ ಮಕ್ಕಳು ಊರು ಬಿಡುವ ಮೊದಲು ಸಭೆಯಿಂದ ಪತ್ರ ಬರೆಸಿಕೊಳ್ಳಿ. ಅಲ್ಲಿ ಕನ್ನಡದ ಆರಾಧನೆ ಎಲ್ಲಿದೆ ಅಂತ ಅಲೆಯಬೇಕಿಲ್ಲ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಮೆಮೋರಿಯಲ್ ಚರ್ಚ್ ಇದೆ, ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಎರಡೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗಳೇ. ರೂಮಿಗೆ ಹತ್ತಿರದ್ದು ಬೇರೆ ಇದ್ದರೆ ಅಲ್ಲಿಗೇ ಹೋಗಿ. ಹತ್ತಿರ ಇದ್ದರೆ ತಪ್ಪುವುದು ಕಡಿಮೆ. ಆದರೆ ಮೊದಲನೇ ತಿಂಗಳೇ ಹೋಗಿ. ಆರಾಧನೆ ಮುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಓಡಬೇಡಿ. ಬಾಗಿಲ ಹತ್ತಿರ ನಿಂತ ಹಿರಿಯರಿಗೆ ಕೈಮುಗಿದು ನಿಮ್ಮ ಊರು, ಸಭೆ, ಅಪ್ಪನ ಹೆಸರು ಹೇಳಿ. ಐದು ನಿಮಿಷದೊಳಗೆ ನಿಮ್ಮ ಅತ್ತೆಯನ್ನು ಬಲ್ಲವರು ಯಾರಾದರೂ ಸಿಗುತ್ತಾರೆ, ಮುಂದಿನ ಭಾನುವಾರ ಯಾಕೆ ಬರಲಿಲ್ಲ ಅಂತ ಅವರೇ ಫೋನ್ ಮಾಡುತ್ತಾರೆ.